ಚಿತ್ರ ಚೆನ್ನಾಗಿ ಬಂದಿದೆ

ಮಾರ್ಚ್ 3

ಬೆಳಿಗ್ಗೆಯಿಂದ ಸ್ಕ್ಯಾನ್ ಮೇಲೆ ಸ್ಕ್ಯಾನ್. ಊಟಕ್ಕೂ ಪುರುಸೊತ್ತಿಲ್ಲ. ಡಾಕ್ಟರಮ್ಮನ ಹೊಸ ಅಧ್ಯಯನ — ವಯಸ್ಸಾದಂತೆ ಮಿದುಳಿನ ಡೋಪಮಿನ್ ಎಷ್ಟು ಇಳಿಯುತ್ತದೆ, ಗಂಡಸರಲ್ಲಿ ಹೇಗೆ, ಹೆಂಗಸರಲ್ಲಿ ಹೇಗೆ. ಫಲಿತಾಂಶ ಹೇಳುವುದು ಅವರ ಕೆಲಸ, ಟೆಕ್ನಿಷಿಯನ್ ಬಾಯಿ ಬಿಡುವಂತಿಲ್ಲ. ಎಲ್ಲ ಸರಿ ಇದ್ದವರಿಗೆ "ತುಂಬ ಅಲ್ಲಾಡಿದ್ರಿ" ಎಂದು ಗದರುತ್ತೇನೆ. ಕೆಟ್ಟದ್ದು ಕಂಡವರಿಗೆ ಮಾತ್ರ ನಯವಾಗಿ "ಚಿತ್ರ ಚೆನ್ನಾಗಿ ಬಂದಿದೆ." ಈ ಗುಟ್ಟು ಗೊತ್ತಿರುವುದು ನಮ್ಮ ಯಜಮಾನರೊಬ್ಬರಿಗೇ. ಹಿಂದೆ ಹೇಳಿಕೊಂಡು ನಗುತ್ತಿದ್ದೆವು.

ಹೆಂಗಸರಲ್ಲಿ ಡೋಪಮಿನ್ ತುಸು ಹೆಚ್ಚೇ ಉಳಿಯುತ್ತದಂತೆ ಎಂದು ಇವತ್ತು ಇವರಿಗೆ ಹೇಳಿದೆ. ಮೊದಲಾಗಿದ್ದರೆ ಏನಾದರೂ ಕೊಂಕು ತೆಗೆಯುತ್ತಿದ್ದರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಗೋಡೆಗೆ ಹೇಳಿದ್ದರೆ ವಾಸಿಯಿತ್ತು.

ಮಾರ್ಚ್ 7

ಜಗಳ. ಅಂಗಿಯ ಗುಂಡಿ ಹಾಕಲು ಇಷ್ಟು ಹೊತ್ತೇ ಎಂದೆ. ನಿನಗೀಗ ಆ ವಯಸ್ಸು, ಅದಕ್ಕೇ ರೇಗುತ್ತೀ ಎಂದರು. ಮುಟ್ಟು ನಿಂತಾಗಿನಿಂದ ನನ್ನ ಪ್ರತಿ ಮಾತಿಗೂ ಇದೊಂದೇ ಕಾರಣ. ನಾನು ಬಿಟ್ಟೇನೆಯೇ? ರಿಟೈರಾದ ಗಂಡಸರೆಲ್ಲ ಹೀಗೇ, ಶುದ್ಧ ಸೋಮಾರಿಗಳು ಎಂದೆ... ನನ್ನ ಮೇಲಿನ ಪ್ರೀತಿ ಹೋಗಿದೆ. ಹಾಳಾಗಿ ಹೋಗಲಿ ಅನ್ನೋಣವೆಂದರೆ ಅಳು ಬರುತ್ತದೆ.

ಮಾರ್ಚ್ 8

ವಯಸ್ಸಾದ, ಆರೋಗ್ಯವಂತ ಗಂಡಸರೇ ಸಿಗುತ್ತಿಲ್ಲವೆಂದು ಡಾಕ್ಟರಮ್ಮನ ಗೋಳು. ನಮ್ಮವರು ಗುಂಡುಕಲ್ಲಿನ ಹಾಗಿದ್ದಾರೆ, ಕರೆತರುತ್ತೇನೆ ಎಂದೆ. ಇವರೂ ಹೂಂ ಎಂದರು.

ಮಾರ್ಚ್ 19, ಮಧ್ಯಾಹ್ನ

ಇವರ ಸ್ಕ್ಯಾನ್. ನಾನೇ ಮಲಗಿಸಿದೆ. ಡೋಪಮಿನ್ ಸರಿಯಿದ್ದರೆ ತೆರೆಯ ಮೇಲೆ ಮಿದುಳಿನ ಎರಡೂ ಕಡೆ ಅಲ್ಪವಿರಾಮದಂತೆ ಬಾಲ ಕಾಣಬೇಕು. ಬಾಲವಿಲ್ಲ. ಬರೀ ಚುಕ್ಕೆ. ವಯಸ್ಸಾಯಿತೆಂದು ಇಷ್ಟು ಇಳಿಯುವುದಿಲ್ಲ. ಗಂಡಸು ಎಂದೂ ಅಲ್ಲ. ಇದು ಕೈ ನಿಧಾನಿಸಿ ಮುಖ ಬಿಗಿಯುವ ಕಾಯಿಲೆ. ಆ ನಗದ ಮುಖ, ಆ ಗುಂಡಿ — ಎಲ್ಲ ಕಣ್ಣೆದುರಿಗೇ ಇತ್ತು. ದಿನವಿಡೀ ಇದನ್ನೇ ನೋಡುವವಳು ನಾನು. ಅಯ್ಯೋ, ಸೋಮಾರಿ ಅಂದೆನಲ್ಲ.

ಹೊರಗೆ ಕೂತು ಷೂ ಹಾಕಿಕೊಳ್ಳುತ್ತಿದ್ದರು. ಗದರಬೇಕೆಂದೇ ಹೋದೆ. ಬಾಯಿಗೆ ಬಂದದ್ದು, "ಚಿತ್ರ ಚೆನ್ನಾಗಿ ಬಂದಿದೆ."

ಲೇಸ್ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ, "ಒಂದ್ಸಲ ಬೈದುಬಿಡೇ," ಎಂದರು.

ಆಗಲಿಲ್ಲ.

ಏಪ್ರಿಲ್ 2

ಮಾತ್ರೆ ಶುರುವಾಗಿದೆ. ಗುಣವಾಗುವ ಕಾಯಿಲೆಯಲ್ಲ, ತುಸು ಸಲೀಸಾಗಬಹುದು ಅಷ್ಟೇ ಎಂದಿದ್ದಾರೆ ಡಾಕ್ಟರಮ್ಮ. ಬೆಳಿಗ್ಗೆ ಗುಂಡಿ ಹಾಕಲು ಕೈ ಚಾಚಿದೆ. ಬೇಡ ಎಂದರು. ಕಾದೆ. ಡ್ಯೂಟಿಗೆ ತಡವಾಯಿತು, ಆಗಲಿ. ಕೊನೆಯದನ್ನೂ ಹಾಕಿ ತಲೆ ಎತ್ತಿದರು. ಮುಖ ಅದೇ ಮುಖ.

"ನಗ್ತಾ ಇದೀನಿ ಕಣೇ. ಕಾಣ್ತಿದೆಯಾ?"

ನಾನು ಗದರಿದೆ, "ಕಾಣ್ತಿದೆ. ತುಂಬ ಅಲ್ಲಾಡಿದ್ರಿ."