ಗೀತಾಂಜಲಿಯ ತೊಂಬತ್ತೊಂದು ಅಂಕ ನಿಮ್ಮದಲ್ಲ

ಮಾನ್ಯ ಮುಖ್ಯೋಪಾಧ್ಯಾಯರೇ,

ತಿಕೋಟಾದ ನಿಮ್ಮ ಪ್ರೌಢಶಾಲೆಯ ಗೇಟಿಗೆ ನನ್ನ ತಂಗಿ ಗೀತಾಂಜಲಿಯ ಫೋಟೊ ಇರುವ ಫ್ಲೆಕ್ಸ್ ಕಟ್ಟಿಸಿದ್ದೀರಿ. ಗಣಿತದಲ್ಲಿ ತೊಂಬತ್ತೊಂದು, ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಶಾಲೆಯ ಬೋಧನೆಯ ಫಲ’. ಕದ್ದ ಮಾಲನ್ನು ಕದ್ದವರೇ ಬೀದಿಯಲ್ಲಿ ಮೆರೆಸುವುದನ್ನು ನಾನು ಇದೇ ಮೊದಲು ನೋಡಿದ್ದು.

ಮೂರು ವರ್ಷದ ಹಿಂದೆ ನಾನೂ ನಿಮ್ಮ ವಿದ್ಯಾರ್ಥಿನಿ. ಗಣಿತ ದಿನದ ಕೊನೆಯ ಪೀರಿಯಡ್. ಅದು ಮುಗಿಯುವ ಅರ್ಧ ತಾಸು ಮೊದಲೇ ಹೊನವಾಡದ ಬಸ್ಸು ಬಿಡುತ್ತಿತ್ತು. ಮುಂದಿನದು ಎರಡು ತಾಸಿನ ನಂತರ. ಅಲ್ಲಿಯವರೆಗೆ ಕಾಯಲು ಮನೆಯವರು ಬಿಡುತ್ತಿರಲಿಲ್ಲ. ವರ್ಷವಿಡೀ ನಾವು ಹೊನವಾಡದ ಹುಡುಗಿಯರು ಬೋರ್ಡಿನ ಮೇಲಿನ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಓಡಿದೆವು. ನಾನು ಗಣಿತದಲ್ಲಿ ಫೇಲಾದೆ. ಮನೆಯಲ್ಲಿ ಯಾರೂ ಬೈಯಲಿಲ್ಲ, ಸುಮ್ಮನೆ ಹೊಲಿಗೆ ಯಂತ್ರ ತಂದಿಟ್ಟರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕಳೆದ ವರ್ಷ ತಂಗಿ ಹತ್ತನೆಯ ತರಗತಿಗೆ ಬಂದಾಗಲೂ ಅದೇ ವೇಳಾಪಟ್ಟಿ. ಮೊದಲ ಪೀರಿಯಡ್‌ನ ಚಿತ್ರಕಲೆಯನ್ನು ಕೊನೆಗೆ ಹಾಕಿ, ಗಣಿತವನ್ನು ಮೊದಲಿಗೆ ತನ್ನಿರೆಂದು ನಿಮ್ಮ ಕೋಣೆಯಲ್ಲಿ ಕೈಮುಗಿದು ನಿಂತೆ. ನೀವು ತಲೆ ಎತ್ತದೆ ಹೇಳಿದಿರಿ: “ಬಸ್ ನೋಡಿ ಟೈಮ್‌ಟೇಬಲ್ ಮಾಡಾಕ ಇದೇನ್ ಡಿಪೋ ಏನವಾ? ಹೆಣ್ಮಕ್ಕಳಿಗೆ ಮೂವತ್ತೈದು ಬಂದ್ರ ಸಾಕು.” ಎಂಥ ದೂರದೃಷ್ಟಿ! ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದೇ ಮಿತಿಯೇ?

ಅಂದೇ ಫೋನಿನಲ್ಲಿ ಆನ್‌ಲೈನ್ ತರಗತಿ ಹುಡುಕಲು ಕೂತೆ. ಒಂದು ಪೂರ್ತಿ ಇಂಗ್ಲಿಷಿನಲ್ಲಿತ್ತು, ನಮ್ಮ ಪಠ್ಯವೇ ಅಲ್ಲ. ಇನ್ನೊಂದರಲ್ಲಿ ಬರೀ ವಿಡಿಯೊ. ತಿಳಿಯದಿದ್ದರೆ ಕೇಳಲು ಯಾರೂ ಇಲ್ಲ. ಮೂರು ವಾರದ ಮೇಲೆ, ವಿಜಯಪುರದ ನಿವೃತ್ತ ಶಿಕ್ಷಕ ಅಬ್ದುಲಸಮದ ಸರ್ ಅವರ ತರಗತಿ ಸಿಕ್ಕಿತು. ದಿನವೂ ಸಂಜೆ, ನೇರಪ್ರಸಾರ, ಕನ್ನಡದಲ್ಲಿ, ನಮ್ಮದೇ ಪಠ್ಯ. ನೆಟ್‌ವರ್ಕ್ ಸಿಗುತ್ತಿದ್ದುದು ನಮ್ಮ ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ಮಾತ್ರ. ಅಲ್ಲಿಗೆ ಬಂದ ಅವ್ವ ಕೇಳಿದಳು: “ಯಾರವಾ ಅದರಾಗ ಮಾತಾಡಾಕತ್ತಾರ?”

“ಗಣಿತದ ಸರ್ ಬೇ.”

“ಮತ್ತ ಸಾಲ್ಯಾಗಿನ ಸರ್?”

ಅವ್ವನ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ನಿಮ್ಮಲ್ಲಿದೆಯೇ?

ತಂಗಿಯ ಪಕ್ಕ ಕೂತು ಕೇಳುತ್ತ ಕೇಳುತ್ತ ನನಗೂ ತಿಳಿಯತೊಡಗಿತು. ಒಮ್ಮೆ ಅವಳಿಗಿಂತ ಮೊದಲು ನಾನೇ ಉತ್ತರ ಹೇಳಿಬಿಟ್ಟೆ. “ಯಾರವಾ ಅದು? ಬಾಜೂಕ ಯಾಕ ಕುಂತಿ? ನೀನೂ ಪರೀಕ್ಷಾ ಕಟ್ಟು,” ಎಂದರು ಸರ್. ಕಟ್ಟಿದೆ. ಅವಳಿಗೆ ತೊಂಬತ್ತೊಂದು, ನನಗೆ ಅರವತ್ತೆರಡು.

ಅಂಕಪಟ್ಟಿಗೆಂದು ಬಂದಾಗ ನೀವು ಪೇಡೆ ಕೊಟ್ಟು, “ನಮ್ಮ ಸರ್ ಭಾಳ ತ್ರಾಸ ತಗೊಂಡಾರ ನೋಡವಾ,” ಎಂದಿರಿ. ಗೀತಾಂಜಲಿ ಪೇಡೆಯನ್ನು ಮೇಜಿನ ಮೇಲೆ ವಾಪಸ್ಸಿಟ್ಟು, “ಯಾವ ಸರ್ ರೀ?” ಎಂದಳು. ನಿಮ್ಮ ಜವಾನ ನಕ್ಕುಬಿಟ್ಟ. ಆಗ ನಿಮ್ಮ ಮುಖ ಕಂಡು ನನಗಾದ ಸಂತೋಷ ನನ್ನ ಅರವತ್ತೆರಡರಿಂದಲೂ ಆಗಿರಲಿಲ್ಲ. ಹೌದು, ಇದು ಸೇಡೇ. ಮುಚ್ಚಿಡುವುದಿಲ್ಲ.

ಈಗ ಕೇಳಿ. ನಾಳೆಯೊಳಗೆ ಫ್ಲೆಕ್ಸ್ ಇಳಿಸಿ. ಶಾಲೆ ತೆರೆಯುವ ಮೊದಲು ಗಣಿತವನ್ನು ಮೊದಲ ಪೀರಿಯಡ್‌ಗೆ ತನ್ನಿ. ಇಲ್ಲವಾದರೆ ಹೊನವಾಡದ ಹನ್ನೊಂದು ಹುಡುಗಿಯರ ಪಾಲಕರು ಒಂದೇ ದಿನ ಟಿ.ಸಿ. ಕೇಳಲು ಬರುತ್ತಾರೆ. ಅರ್ಜಿಗಳನ್ನು ನಾನೇ ಬರೆದಿದ್ದೇನೆ, ಸಹಿಗಳೂ ಬಿದ್ದಿವೆ. ಮಕ್ಕಳು ಏಕೆ ಕಡಿಮೆಯಾದರೆಂದು ಮೇಲಿನವರು ಕೇಳಿದರೆ ಏನು ಹೇಳುವಿರೆಂದು ಈಗಲೇ ಯೋಚಿಸಿಟ್ಟುಕೊಳ್ಳಿ. ಆ ದಿನ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಲು ನಾನಂತೂ ಬರುತ್ತೇನೆ.

ಇಂತಿ,
ನಿಮ್ಮಲ್ಲಿ ಓದಿಯೂ ಕಲಿಯದೆ, ಮೂರು ವರ್ಷ ತಡವಾಗಿ ಪಾಸಾದ
ವಿಜಯಲಕ್ಷ್ಮೀ, ಹೊನವಾಡ