ಹಿಡಿ ಅಕ್ಕಿಯ ಗಡಿಗೆ

ಬೆಟಗೇರಿ
೧೨ ಆಗಸ್ಟ್ ೧೯೯೮

ಮಾನ್ಯ ಸಭಾಪಾಲಕರಿಗೆ ಕರುಣಾವತಿಯ ವಂದನೆಗಳು.

ಭಾನುವಾರ ಚರ್ಚಿನಲ್ಲಿ ದೇವರ ಕೃಪೆಯ ಸಾಕ್ಷಿ ಹೇಳಲು ನನ್ನನ್ನು ಕರೆಯಬೇಡಿ. ನಮ್ಮ ಯಜಮಾನರನ್ನು ಮಣ್ಣು ಮಾಡಿ ಬಂದು ಒಂದು ತಿಂಗಳಾಯಿತು. ನಾನು ಪ್ರಾರ್ಥನೆಗೆ ಕೂತಿಲ್ಲ. ಅಳುವೂ ಬಂದಿಲ್ಲ. ಮಗ್ಗದ ಪಕ್ಕ ಅವರ ಬೈಬಲ್ಲು ತೆರೆದಂತೆಯೇ ಇದೆ. ನಾನು ಮುಚ್ಚಿಲ್ಲ.

ಅಡುಗೆಗೆ ಮೊದಲು ದೇವರಿಗೆಂದು ಒಂದು ಹಿಡಿ ಅಕ್ಕಿ ತೆಗೆದು ಗಡಿಗೆಯಲ್ಲಿಡುವುದೂ ನಿಂತಿತು. ನಾನು ಒಲೆ ಹಚ್ಚಿದರಲ್ಲವೇ? ಪಕ್ಕದ ಮನೆಯ ಸುಗ್ರಾಬಿಯೇ ದಿನವೂ ಬಂದು ನಮ್ಮ ಅಡುಗೆಮನೆಯಲ್ಲಿ ಅನ್ನ ಮಾಡಿ ಬಡಿಸಿ ಹೋಗುತ್ತಾಳೆ. ತಿಂಗಳಿಗೊಮ್ಮೆ ಚರ್ಚಿಗೆ ಹೋಗುವ ಗಡಿಗೆಯನ್ನು ಈ ಸಲ ಖಾಲಿಯಾಗಿಯೇ ಕಳಿಸೋಣವೆಂದು ಇವತ್ತು ಕೆಳಗಿಳಿಸಿದೆ. ಭಾರವಾಗಿತ್ತು. ಕಂಠದವರೆಗೂ ಅಕ್ಕಿ.

ಸುಗ್ರಾಬಿಯನ್ನು ಕೇಳಿದೆ.

“ಇಪ್ಪತ್ತ ವರ್ಷದಿಂದ ನೋಡೇನವಾ. ನೀ ಮೊದಲ ಒಂದ ಹಿಡಿ ತಗದಿಟ್ಟ ಆಮ್ಯಾಲ ಎಸರಿಡತಿದ್ದಿ. ನಿಂದ ತಪ್ಪಬಾರದು ಅಂತ ದಿನಾ ನಾನ ಹಾಕೀನಿ,” ಎಂದಳು. ಹೇಳಿ, ಸಾರು ಆರುತ್ತದೆಂದು ಗದರಿದಳು.

ಗಡಿಗೆ ಒಯ್ಯಲು ಬಂದವರ ಕೈಯಲ್ಲೇ ಈ ಪತ್ರ ಕೊಟ್ಟಿದ್ದೇನೆ. ಕಾಣಿಕೆ ಕೊಟ್ಟವರ ಹೆಸರು ಓದುವಾಗ ನನ್ನದನ್ನು ಓದಬೇಡಿ, ಅವಳದನ್ನು ಓದಿ.

ಅಕ್ಕಿ ಸುರುವಿಕೊಂಡು ಗಡಿಗೆಯನ್ನು ಇವತ್ತೇ ಹಿಂದಕ್ಕೆ ಕಳಿಸಿ. ನಾಳೆ ಒಲೆ ಹಚ್ಚುವ ಮೊದಲು ನನಗದು ಬೇಕು.

ನಿಮ್ಮ ಸಭೆಯ
ಕರುಣಾವತಿ