ಉಪ್ಪೇರಿದ ನೀರು

ಮನೆಯಿಂದ,
ಗುರುವಾರ ಬೆಳಿಗ್ಗೆ

ನಮ್ಮ ಮನೆಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕೆಮ್ಮು ಇಳಿಯಿತೇ? ನಿನ್ನ ತಾಯಿಯವರ ಮೊಣಕಾಲು ನೋವು ಹೇಗಿದೆ? ಇಲ್ಲಿ ನನ್ನ ಆರೋಗ್ಯ ಗಟ್ಟಿಯಾಗಿದೆ, ಬಾಯಿಯೂ ಗಟ್ಟಿಯಾಗಿದೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. “ನಿನಗೆ ಗಂಡನಿಗಿಂತ ಆ ಹವಳವೇ ಹೆಚ್ಚು” ಎಂದು ನನ್ನ ಮಗ ಅಂದದ್ದೂ, “ಹವಳ ನನ್ನ ಮೇಲೆ ಕೂಗಾಡುವುದಿಲ್ಲ” ಎಂದು ನೀನು ಬ್ಯಾಗು ಹೊತ್ತು ತವರಿಗೆ ಹೊರಟದ್ದೂ ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತ್ತು. ಉತ್ತರ ಚೆನ್ನಾಗಿಯೇ ಇತ್ತು. ಜಗಳದ ನ್ಯಾಯ ಹೇಳಲು ನಾನು ಬರೆಯುತ್ತಿಲ್ಲ. ನೀನು ಹವಳ, ಮೀನು ಸಾಕಿದ ಆ ಗಾಜಿನ ಸಮುದ್ರದ ತೊಟ್ಟಿ ಸಾಯುತ್ತಿದೆ.

ನೀನು ಹೋದ ಮೇಲೆ ನನ್ನ ಮಗನಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ತೊಟ್ಟಿಯ ನೀರು ದಿನಾ ಒಂದಿಷ್ಟು ಆರಿ ಇಳಿಯುತ್ತದಲ್ಲ, ಅದನ್ನು ಅವನೇ ತುಂಬತೊಡಗಿದ. “ಸಮುದ್ರದ ಮೀನಿಗೆ ಉಪ್ಪುನೀರೇ ತಾನೇ ಅಮ್ಮಾ” ಎಂದು ನಿನ್ನ ಡಬ್ಬದ ಉಪ್ಪು ಕದಡಿ ಕದಡಿ ಸುರಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಈ ಹೆಗ್ಗಣ ಈಗ ನನಗೂ ಮುದ್ದಾಗಿ ಕಾಣುತ್ತಿಲ್ಲ. ಇವತ್ತು ಎದ್ದು ನೋಡಿದರೆ ಅರಳಿಕೊಂಡಿರುತ್ತಿದ್ದ ಹವಳವೆಲ್ಲ ಮುಷ್ಟಿ ಬಿಗಿದು ಕೂತಿದೆ. ಕೆಂಪು ಸೀಗಡಿ ಸತ್ತು ಮರಳಿನ ಮೇಲೆ ಬಿದ್ದಿದೆ. ಆ ಕಿತ್ತಳೆ ಬಣ್ಣದ ಪಟ್ಟೆಮೀನಿನ ಜೋಡಿ ಒಂದು ಮೂಲೆ ಹಿಡಿದು ಏದುಸಿರು ಬಿಡುತ್ತಿದೆ. ನಾನು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ನಗಬೇಡ, ಈ ನಾಲಿಗೆ ಸಂಸಾರಕ್ಕೆಲ್ಲ ಉಪ್ಪು ನೋಡಿದ್ದು. ಒಲೆಯ ಮೇಲೆ ಮರೆತು ಬತ್ತಿಸಿದ ಸಾರಿನಂತೆ ಕಹಿ ಹತ್ತುವಷ್ಟು ಉಪ್ಪು! ಆರಿಹೋಗುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ ಎಂದು ಆಗ ಹೊಳೆಯಿತು. ನೀನು ದಿನಾ ಸುರಿಯುತ್ತಿದ್ದದ್ದು ಬರೀ ಸಿಹಿನೀರು, ಅಲ್ಲವೇ?

ಇದನ್ನು ಮಗನಿಗೆ ಹೇಳಿದ್ದೇ ತಡ, ಬಕೆಟ್ ತುಂಬ ಸಿಹಿನೀರು ತಂದು ಒಮ್ಮೆಲೇ ಸುರಿಯಲು ಹೊರಟ. ಕೈ ಹಿಡಿದು ನಿಲ್ಲಿಸಿದೆ. “ತಿದ್ದುವ ಆತುರದಲ್ಲಿ ಉಳಿದದ್ದನ್ನೂ ಕೊಲ್ಲಬೇಡವೋ” ಎಂದೆ. ಈಗ ತೊಟ್ಟಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ನೀನು ಶೋಧಿಸಿಟ್ಟ ಕ್ಯಾನಿನ ನೀರನ್ನು ಸಣ್ಣ ಲೋಟದಲ್ಲಿ ಹನಿಸುವುದು, ಮೀನಿನ ಕಿವಿರು ನೋಡುವುದು, ಎರಡು ಸಾಲು ಬರೆಯುವುದು. ನಿಧಾನ ಮಾಡಿದರೆ ಉಪ್ಪಿನಿಂದ ಸಾಯುತ್ತವೋ, ಬೇಗ ಮಾಡಿದರೆ ನನ್ನಿಂದ ಸಾಯುತ್ತವೋ ತಿಳಿಯದು. ಉಪ್ಪು ಅಳೆಯುವ ಸಾಧನ ನಿನ್ನ ಕಪಾಟಿನಲ್ಲಿದೆ. ಬೀಗ ಒಡೆಯಲೇ ಎಂದು ಅವನು ಕೇಳಿದ. ಸೊಸೆಯ ಕಪಾಟು ಒಡೆಯುವ ಮನೆ ಇದಲ್ಲ ಎಂದೆ.

ಎಷ್ಟು ಹೊತ್ತಿಗೆ ಎಷ್ಟು ಸುರಿಯಬೇಕು, ಹಳೆಯ ನೀರು ತೆಗೆಯಬೇಕೇ, ಈ ಕಾಗದದ ಹಿಂಬದಿಯಲ್ಲೇ ಬರೆದು ಕೂಡಲೇ ಕಳಿಸು. ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ.

ಇಂತು,
ನಿನ್ನ ಅತ್ತೆ

ತಾ.ಕ.: ಕಾಗದ ತಂದವನು ನಿನ್ನ ಗಂಡನೇ. ಗೇಟಿನಾಚೆ ನಿಲ್ಲು, ಅವಳು ಕರೆಯದೆ ಒಳಗೆ ಕಾಲಿಡಬೇಡ, ತಪ್ಪಾಯಿತು ಅನ್ನುವುದಿದ್ದರೆ ಮೀನಿನ ನೆಪ ತೆಗೆಯದೆ ಅನ್ನು ಎಂದು ಹೇಳಿ ಕಳಿಸಿದ್ದೇನೆ. ಅವನ ಬಾಯಿಂದ ಆ ಮಾತು ಬರದಿದ್ದರೆ ನೀರಿನ ಉತ್ತರವನ್ನಷ್ಟೇ ಕೊಟ್ಟು ವಾಪಸ್ ಅಟ್ಟು. ಸಂಜೆ ನಾನೇ ಬರುತ್ತೇನೆ. ಇವತ್ತಿನವರೆಗೆ ನಾನು ಯಾರ ಮನೆ ಬಾಗಿಲಿಗೂ ಹೋಗಿ “ಮನೆಗೆ ಬಾ” ಎಂದು ಕರೆದವಳಲ್ಲ, ನಿನಗೆ ಗೊತ್ತು.